ಪ್ಲೇ ಒತ್ತಿದರೂ ಗೇಮ್ ಏಳುತ್ತಿಲ್ಲವೇ? ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್‌ಗಳ ದೋಷ ನಿವಾರಣೆ

ಲಿನಕ್ಸ್‌ನಲ್ಲಿ ಗೇಮ್ ಓಡದಿದ್ದರೆ ಎಲ್ಲರೂ ಮೊದಲು ಬೈಯುವುದು ಪ್ರೋಟಾನನ್ನು, ಅಂದರೆ ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನವನ್ನು. ಸ್ನೇಹಿತರ, ನೆಂಟರ ಲ್ಯಾಪ್‌ಟಾಪ್‌ಗಳಲ್ಲಿ ಕೈಯಾಡಿಸಿ ನಾನು ಕಂಡದ್ದೇ ಬೇರೆ. ಬಹುಪಾಲು ಸಲ ತಪ್ಪು ಇರುವುದು ಗ್ರಾಫಿಕ್ಸ್ ಡ್ರೈವರ್‌ನಲ್ಲಿ, ಇಲ್ಲವೇ ಗೇಮ್ ಇಟ್ಟಿರುವ ಡಿಸ್ಕ್‌ನಲ್ಲಿ. ಪ್ರೋಟಾನ್ ಪಾಪ, ಕೆಳಗಿನವರು ಕೈಕೊಟ್ಟಾಗ ಬಾಯಿಗೆ ಸಿಕ್ಕವನು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ, ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಿಗೆ ಮಿಂಟ್, ಉಬುಂಟು, ಫೆಡೋರಾದಂಥ ಡಿಸ್ಟ್ರೋ (ಲಿನಕ್ಸ್‌ನ ಬಗೆ) ಹಾಕಿಕೊಂಡವರು ಬೇಕಾದಷ್ಟು ಜನ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಒಳಗೆ ಏನು ನಡೆಯುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಗೇಮ್ ವಿಂಡೋಸನ್ನು ಕೇಳುವ ಪ್ರಶ್ನೆಗಳಿಗೆ ವೈನ್ ಉತ್ತರ ಕೊಡುತ್ತದೆ. ಇದು 1993ರಲ್ಲಿ ಶುರುವಾದ ಯೋಜನೆ. ಗೇಮ್‌ನ ಡೈರೆಕ್ಟ್‌ಎಕ್ಸ್ ಚಿತ್ರಾಜ್ಞೆಗಳನ್ನು ಲಿನಕ್ಸ್‌ನ ಗ್ರಾಫಿಕ್ಸ್ ಡ್ರೈವರ್‌ಗೆ ಅರ್ಥವಾಗುವ ವಲ್ಕನ್ ಎಂಬ ಭಾಷೆಗೆ ತಿರುಗಿಸುವುದು ಡಿಎಕ್ಸ್‌ವಿಕೆ. ಡೈರೆಕ್ಟ್‌ಎಕ್ಸ್ 12 ಆದರೆ ಆ ಕೆಲಸ ವಿಕೆಡಿ3ಡಿ-ಪ್ರೋಟಾನ್‌ದು. ಇವನ್ನೆಲ್ಲ ಒಂದು ಗಂಟು ಕಟ್ಟಿ ವಾಲ್ವ್ ಸಂಸ್ಥೆ 2018ರ ಆಗಸ್ಟ್‌ನಲ್ಲಿ ತನ್ನ ಗೇಮ್ ಅಂಗಡಿ ಸ್ಟೀಮ್ ಜೊತೆ ಕೊಟ್ಟಿದ್ದೇ ಪ್ರೋಟಾನ್. ಗಂಟಿನ ಕೆಳಗೆ ಗ್ರಾಫಿಕ್ಸ್ ಡ್ರೈವರ್, ಅದರ ಕೆಳಗೆ ಲಿನಕ್ಸ್‌ನ ತಿರುಳಾದ ಕರ್ನಲ್, ಪಕ್ಕದಲ್ಲಿ ಡಿಸ್ಕ್. ಕೊಂಡಿ ಎಲ್ಲಿ ಕಳಚಿದೆ ಎಂದು ಹುಡುಕುವುದಷ್ಟೇ ನಮ್ಮ ಕೆಲಸ.

ಎರಡು ಮಾತು ಮೊದಲೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಚೀಟಿಯಲ್ಲಿ ಬರೆದಿಡಿ. ಐದು ಬದಲಾವಣೆ ಒಟ್ಟಿಗೆ ಮಾಡಿ ಗೇಮ್ ಓಡಿದರೆ ಯಾವುದರಿಂದ ಓಡಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಅ ಆ ಇ ಈ. ಇನ್ನೊಂದು, ಕೆಳಗಿನ ಕಮಾಂಡುಗಳನ್ನು ಉಚ್ಚರಿಸುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಶುರು ಮಾಡುವ ಮುನ್ನ: ಈ ಗೇಮ್ ಓಡುವಂಥದ್ದೇ?

ಇದು ಎರಡು ನಿಮಿಷದ, ಖರ್ಚಿಲ್ಲದ ಪರೀಕ್ಷೆ. ಪ್ರೋಟಾನ್‌ಡಿಬಿ ತಾಣದಲ್ಲಿ ಗೇಮ್‌ನ ಹೆಸರು ಹುಡುಕಿ. ಪ್ಲಾಟಿನಂ, ಗೋಲ್ಡ್ ಎಂದಿದ್ದರೆ ಬೇರೆಯವರ ಯಂತ್ರಗಳಲ್ಲಿ ಓಡುತ್ತಿದೆ, ತೊಂದರೆ ನಿಮ್ಮ ಕಡೆಯೇ ಇದೆ ಎಂದರ್ಥ. ಬೋರ್ಕ್ಡ್ ಎಂದಿದ್ದರೆ ನಿಮ್ಮ ರಾತ್ರಿಯ ನಿದ್ದೆ ಉಳಿಸಿಕೊಳ್ಳಿ. ಮೇಲಿನ ಪದಕದ ಬಣ್ಣವನ್ನಷ್ಟೇ ನೋಡಬೇಡಿ. ನಿಮ್ಮಂಥದ್ದೇ ಕಾರ್ಡ್ ಇರುವವರು ಇತ್ತೀಚಿನ ತಿಂಗಳುಗಳಲ್ಲಿ ಬರೆದ ವರದಿಗಳನ್ನು ಓದಿ.

ಆನ್‌ಲೈನ್ ಗೇಮ್ ಆದರೆ ಪ್ರಶ್ನೆ ಪ್ರೋಟಾನ್‌ದಲ್ಲ, ಮೋಸದಾಟ ಹಿಡಿಯುವ ಆಂಟಿ-ಚೀಟ್ ತಂತ್ರಾಂಶದ್ದು. ವ್ಯಾಲೊರಂಟ್‌ನ ವ್ಯಾನ್‌ಗಾರ್ಡ್ ವಿಂಡೋಸ್ ಕರ್ನಲ್‌ನೊಳಗೇ ಕೂರುತ್ತದೆ, ಲಿನಕ್ಸ್‌ನಲ್ಲಿ ಅದಕ್ಕೆ ಕೂರಲು ಜಾಗವೇ ಇಲ್ಲ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಲ್ಲೇ ಪ್ರೋಟಾನ್‌ಗೆ ಬಾಗಿಲು ತೆರೆದವು, ಆದರೆ ಬೀಗದ ಕೈ ಇರುವುದು ಗೇಮ್ ತಯಾರಕರ ಹತ್ತಿರ. ಫೋರ್ಟ್‌ನೈಟ್‌ನವರು ತೆರೆದೇ ಇಲ್ಲ. ಅಪೆಕ್ಸ್ ಲೆಜೆಂಡ್ಸ್ ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಅವರೇ ಮುಚ್ಚಿದರು. ಜಿಟಿಎ ಆನ್‌ಲೈನ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಬಂದಾಗಲೂ ಹೀಗೇ ಆಯಿತು. ಸ್ಟೋರಿ ಮೋಡ್ ಮಾತ್ರ ಆಡಬಹುದು. ಕೌಂಟರ್-ಸ್ಟ್ರೈಕ್ 2, ಡೋಟಾ 2 ಲಿನಕ್ಸ್‌ಗೆಂದೇ ಬಂದಿರುವ ಗೇಮ್‌ಗಳು, ಅವಕ್ಕೆ ಪ್ರೋಟಾನ್ ಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಆಂಟಿ-ಚೀಟನ್ನು ಏಮಾರಿಸುವ ಪ್ಯಾಚ್ ಎಂದು ಯಾರಾದರೂ ಕೊಟ್ಟರೆ ಮುಟ್ಟಬೇಡಿ. ಗೇಮ್ ಓಡಿದರೂ ಅಕೌಂಟ್ ಬ್ಯಾನ್ ಆಗಬಹುದು, ಕೊಂಡ ಸ್ಕಿನ್‌ಗಳ ಸಮೇತ.

ಪ್ಲೇ ಒತ್ತಿದರೆ ಎರಡು ಕ್ಷಣ "ರನ್ನಿಂಗ್" ಎಂದು ತೋರಿಸಿ ಮತ್ತೆ "ಪ್ಲೇ" ಎನ್ನುತ್ತದೆ

ಅತಿ ಹೆಚ್ಚು ಜನ ಹೇಳುವ ಲಕ್ಷಣ ಇದು. ಕಾರಣಗಳೂ ಹೆಚ್ಚು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸುಲಭದ್ದರಿಂದ ಶುರು ಮಾಡಿ. ಗೇಮ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್. ಅಲ್ಲಿ ಫೈಲುಗಳನ್ನು ವೆರಿಫೈ ಮಾಡಿಸಿ. ಆಮೇಲೆ ಅದೇ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಪ್ರೋಟಾನ್ ಎಕ್ಸ್‌ಪೆರಿಮೆಂಟಲ್ ಆರಿಸಿ ನೋಡಿ. ಆಗಲಿಲ್ಲವೇ, ಒಂದು ಹಳೆಯ ಪ್ರೋಟಾನ್ ಆರಿಸಿ. ಎರಡರಲ್ಲೂ ಒಂದೇ ಹಾಡಾದರೆ ಪ್ರೋಟಾನ್ ಬದಲಾಯಿಸುವ ಆಟ ಅಲ್ಲಿಗೇ ನಿಲ್ಲಿಸಿ. ಏಳೆಂಟು ಆವೃತ್ತಿಗಳನ್ನು ಒಂದೊಂದಾಗಿ ಡೌನ್‌ಲೋಡ್ ಮಾಡಿ ಡೇಟಾ ಖಾಲಿ ಮಾಡಿಕೊಂಡವರನ್ನು ನೋಡಿದ್ದೇನೆ.

ಮುಂದಿನ ಪ್ರಶ್ನೆ: ಗೇಮ್ ಯಾವ ಡಿಸ್ಕ್‌ನಲ್ಲಿದೆ? ನನ್ನ ಅಕ್ಕನ ಮಗ ವಿಂಡೋಸ್ ಉಳಿಸಿಕೊಂಡೇ ಪಕ್ಕದಲ್ಲಿ ಮಿಂಟ್ ಹಾಕಿದ್ದ. ವಿಂಡೋಸ್‌ನ ಡಿ ಡ್ರೈವ್‌ನಲ್ಲಿ 300 ಜಿಬಿ ಗೇಮ್‌ಗಳು ಆಗಲೇ ಇದ್ದವು. ಮತ್ತೆ ಡೌನ್‌ಲೋಡ್ ಯಾಕೆ ಎಂದು ಅದೇ ಫೋಲ್ಡರನ್ನು ಸ್ಟೀಮ್‌ಗೆ ತೋರಿಸಿದ್ದ. ಜಾಣತನವೇ, ಆದರೆ ಒಂದು ಗೇಮೂ ಏಳಲಿಲ್ಲ. ಆ ಡ್ರೈವ್ ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್‌ನ ಡಿಸ್ಕ್ ವಿನ್ಯಾಸದ್ದು. ಪ್ರೋಟಾನ್ ಪ್ರತಿ ಗೇಮ್‌ಗೂ ಒಂದು ಪುಟ್ಟ ನಕಲಿ ವಿಂಡೋಸ್ ಕಟ್ಟುತ್ತದೆ. ಅದನ್ನು ಪ್ರಿಫಿಕ್ಸ್ ಎನ್ನುತ್ತಾರೆ. ಅದರೊಳಗೆ "ಸಿ:" "ಝಡ್:" ಎಂಬ ಹೆಸರಿನ ಲಿಂಕುಗಳಿರುತ್ತವೆ. ಫೈಲಿನ ಹೆಸರಿನಲ್ಲಿ ಕೋಲನ್ ಇದ್ದರೆ ವಿಂಡೋಸ್ ಒಪ್ಪುವುದಿಲ್ಲ. ಹಾಗಾಗಿ ಒಂದೋ ಲಿಂಕ್ ಆಗುವುದೇ ಇಲ್ಲ, ಇಲ್ಲವೇ ಲಿಂಕ್ ಆದರೂ ಮುಂದೊಂದು ದಿನ ವಿಂಡೋಸ್ ಡಿಸ್ಕ್ ತಪಾಸಣೆ ಮಾಡಿ ಅವನ್ನು ಹಾಳು ಮಾಡಿ ಕೂರುತ್ತದೆ. ಎಕ್ಸ್‌ಫ್ಯಾಟ್ ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ಕತೆಯೂ ಅಷ್ಟೇ, ಅದಕ್ಕೆ ಲಿಂಕ್ ಎಂದರೇನೆಂದೇ ಗೊತ್ತಿಲ್ಲ.

ಅವನ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಒಂದು ಗಂಟಿತ್ತು. ಆ ಡ್ರೈವ್‌ನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಲು ಹೋದರೆ "ರೀಡ್-ಓನ್ಲಿ" ಎಂದು ಬೈದು ಕಳಿಸುತ್ತಿತ್ತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗಲೂ ಅದು ಪೂರ್ತಿ ಮಲಗುವುದಿಲ್ಲ, ಅರ್ಧ ನಿದ್ದೆಯಲ್ಲಿ ಡಿಸ್ಕನ್ನು ಹಿಡಿದುಕೊಂಡೇ ಇರುತ್ತದೆ. ಆಗ ಲಿನಕ್ಸ್ ಮರ್ಯಾದೆಯಿಂದ ಓದಲಷ್ಟೇ ತೆರೆಯುತ್ತದೆ. ವಿಂಡೋಸ್‌ಗೆ ಹೋಗಿ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದು ಪೂರ್ತಿ ಶಟ್‌ಡೌನ್ ಮಾಡಿ. ಲಿನಕ್ಸ್ ಕಡೆಯಿಂದ ಆ ಹೈಬರ್‌ನೇಷನ್ ಫೈಲನ್ನು ಬಲವಂತವಾಗಿ ಅಳಿಸುವ ಉಪಾಯ ಹೇಳುವವರಿದ್ದಾರೆ. ವಿಂಡೋಸ್‌ನಲ್ಲಿ ಉಳಿಸದೆ ಬಿಟ್ಟ ಕೆಲಸವೆಲ್ಲ ಅದರ ಜೊತೆ ಹೋಗುತ್ತದೆ.

ನಿಜವಾದ ಪರಿಹಾರವೆಂದರೆ ಗೇಮ್‌ಗಳನ್ನು ಲಿನಕ್ಸ್‌ನದೇ ವಿನ್ಯಾಸಗಳಾದ ಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಪಾರ್ಟಿಷನ್‌ಗೆ ಸಾಗಿಸುವುದು. ಸ್ಟೀಮ್‌ನ ಸೆಟ್ಟಿಂಗ್ಸ್, ಸ್ಟೋರೇಜ್‌ನಲ್ಲೇ ಇದನ್ನು ಮಾಡಬಹುದು, ಮತ್ತೆ ಡೌನ್‌ಲೋಡ್ ಬೇಕಿಲ್ಲ. ಜಾಗಕ್ಕಾಗಿ ಪಾರ್ಟಿಷನ್ ಕುಗ್ಗಿಸುವುದಾದರೆ ಮೊದಲು ಫೋಟೋ, ದಾಖಲೆಗಳ ಬ್ಯಾಕಪ್ ತೆಗೆದಿಡಿ. ವಿಂಡೋಸ್ ಡಿಸ್ಕಿಗೆ ಹಾಕುವ ಬೀಗವಾದ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಕೈಯಲ್ಲಿರಲಿ. ಇವೆರಡೂ ಇಲ್ಲದೆ ಪಾರ್ಟಿಷನ್‌ಗೆ ಕೈ ಹಾಕುವುದು ಬೇಡವೇ ಬೇಡ.

ಡಿಸ್ಕ್ ಸರಿಯಿದ್ದರೆ ಡ್ರೈವರ್ ಕಡೆ ಬನ್ನಿ. ಟರ್ಮಿನಲ್ ತೆರೆದು ವಲ್ಕನ್‌ಇನ್ಫೋ --ಸಮ್ಮರಿ ಎಂದು ಕೊಡಿ. ಅದು ಬರುವುದು ವಲ್ಕನ್-ಟೂಲ್ಸ್ ಎಂಬ ಪ್ಯಾಕೇಜಿನಲ್ಲಿ. ಉತ್ತರದಲ್ಲಿ ನಿಮ್ಮ ಕಾರ್ಡಿನ ಹೆಸರು, ಅದರ ಮುಂದೆ ಎಪಿಐ ಆವೃತ್ತಿ ಕಾಣಬೇಕು. ಡಿಎಕ್ಸ್‌ವಿಕೆ 2022ರ ನವೆಂಬರ್‌ನಲ್ಲಿ ತನ್ನ 2.0 ಆವೃತ್ತಿಯಿಂದ ವಲ್ಕನ್ 1.3 ಕಡ್ಡಾಯ ಮಾಡಿತು, ಹಾಗಾಗಿ ಪ್ರೋಟಾನ್ 8 ಮತ್ತು ಅದರ ಮುಂದಿನವಕ್ಕೆಲ್ಲ 1.3 ಬೇಕು. ನಿಮ್ಮದರಲ್ಲಿ 1.2 ಎಂದಿದೆಯೇ? ಕಾರ್ಡ್ ಹೊಸದಾದರೆ ಡ್ರೈವರ್ ಅಪ್‌ಡೇಟ್ ಮಾಡಿದರೆ ಸಾಕು. ಆದರೆ ನ್ವಿಡಿಯಾದ ಜಿಟಿಎಕ್ಸ್ 600, 700 ಸರಣಿಯ ಕೆಪ್ಲರ್ ಕಾರ್ಡುಗಳು 1.2ಕ್ಕೇ ನಿಂತುಬಿಟ್ಟಿವೆ. ಅವಕ್ಕೆ ಪ್ರೋಟಾನ್ 7 ಹಾಕಿ. ಇಂಟೆಲ್ ಎಚ್‌ಡಿ 4000 ಇರುವ ಮೂರನೇ ತಲೆಮಾರಿನ ಐ3, ಐ5 ಲ್ಯಾಪ್‌ಟಾಪ್‌ಗಳಲ್ಲಿ ವಲ್ಕನ್ ಅರೆಬರೆ. ಅಲ್ಲಿ ಗೇಮ್‌ನ ಪ್ರಾಪರ್ಟೀಸ್‌ನಲ್ಲಿರುವ ಲಾಂಚ್ ಆಪ್ಷನ್ಸ್‌ನಲ್ಲಿ

ಪ್ರೋಟಾನ್_ಯೂಸ್_ವೈನ್‌ಡಿ3ಡಿ=1 %ಕಮಾಂಡ್%

ಎಂದು ಕೊಟ್ಟರೆ ವಲ್ಕನ್ ಬಿಟ್ಟು ಓಪನ್‌ಜಿಎಲ್ ದಾರಿ ಹಿಡಿಯುತ್ತದೆ. ಸಮ ಚಿಹ್ನೆಗೆ ಮುಂಚಿನದ್ದೆಲ್ಲ ದೊಡ್ಡಕ್ಷರ, ಪರ್ಸೆಂಟ್‌ಗಳ ನಡುವಿನದು ಸಣ್ಣಕ್ಷರ. ನಿಧಾನ, ಆದರೆ ಹಳೆಯ ಗೇಮ್‌ಗಳು ಏಳುತ್ತವೆ. ಎಎಂಡಿಯ ಎಚ್‌ಡಿ 7000, ಆರ್9 200 ಕಾಲದ ಕಾರ್ಡುಗಳಿಗೆ ಇನ್ನೊಂದು ತಮಾಷೆ: ಕಾರ್ಡಿಗೆ ವಲ್ಕನ್ ಬರುತ್ತದೆ, ಆದರೆ ಅನೇಕ ಡಿಸ್ಟ್ರೋಗಳ ಕರ್ನಲ್ ಅದಕ್ಕೆ ರೇಡಿಯಾನ್ ಎಂಬ ಹಳೆಯ ಡ್ರೈವರ್ ಹಚ್ಚುತ್ತದೆ, ಅದರಲ್ಲಿ ವಲ್ಕನ್ ಇಲ್ಲ. ಬೂಟ್ ಆಯ್ಕೆಗಳಲ್ಲಿ ಎಎಂಡಿಜಿಪಿಯುಗೆ ಬದಲಾಯಿಸಿದರೆ ಸತ್ತ ಕಾರ್ಡ್ ಎದ್ದು ಕೂರುತ್ತದೆ.

ವಲ್ಕನ್‌ಇನ್ಫೋ ಎಲ್ಲ ಸರಿ ಎನ್ನುತ್ತದೆ, ಹೊಸ ಗೇಮ್‌ಗಳು ಓಡುತ್ತವೆ, ಹಳೆಯವು ಮಾತ್ರ ಏಳುವುದಿಲ್ಲ ಎಂದರೆ 32-ಬಿಟ್ ಡ್ರೈವರ್ ಇಲ್ಲ ಎಂದೇ ಲೆಕ್ಕ. ಹಳೆಯ ಗೇಮ್‌ಗಳು 32-ಬಿಟ್‌ನವು. ಉಬುಂಟು, ಮಿಂಟ್‌ನಲ್ಲಿ ಐ386 ಪ್ಯಾಕೇಜುಗಳು, ಆರ್ಚ್‌ನಲ್ಲಿ ಮಲ್ಟಿಲಿಬ್‌ನ ಲಿಬ್32 ಪ್ಯಾಕೇಜುಗಳು ಬೇಕು. ಹಾಕುವಾಗ ಪ್ಯಾಕೇಜ್ ಮ್ಯಾನೇಜರ್ ಏನನ್ನು ಸೇರಿಸುತ್ತೇನೆ, ಏನನ್ನು ತೆಗೆಯುತ್ತೇನೆ ಎಂದು ಪಟ್ಟಿ ಕೊಡುತ್ತದಲ್ಲ, ಅದರ "ತೆಗೆಯುವ" ಭಾಗ ಓದದೆ ಎಂಟರ್ ಒತ್ತಬೇಡಿ. 2021ರಲ್ಲಿ ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕಹೋದ ಒಬ್ಬ ಪ್ರಸಿದ್ಧ ಯೂಟ್ಯೂಬರ್, ಎಚ್ಚರಿಕೆಯ ಸಾಲು ಓದದೆ "ಹೌದು, ಹೇಳಿದಂತೆ ಮಾಡು" ಎಂದು ಟೈಪಿಸಿ ಇಡೀ ಡೆಸ್ಕ್‌ಟಾಪ್ಪನ್ನೇ ಕಳೆದುಕೊಂಡ. ಕ್ಯಾಮೆರಾ ಮುಂದೆಯೇ.

ಉಬುಂಟುವಿನಲ್ಲಿ ಇನ್ನೊಂದು ನೋಡಿ. ಆಪ್ ಸೆಂಟರ್‌ನಿಂದ ಹಾಕಿದ ಸ್ಟೀಮ್, ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದ್ದಿರಬಹುದು. ಸ್ನ್ಯಾಪ್ ಲಿಸ್ಟ್ ಎಂದು ಕೊಟ್ಟರೆ ಗೊತ್ತಾಗುತ್ತದೆ. ಅದರ ತೊಂದರೆಗಳು ವಾಲ್ವ್‌ನವರಿಗೂ ಸಾಕಾಗಿ, ಡೆಬ್ ಪ್ಯಾಕೇಜನ್ನೇ ಬಳಸಿ ಎಂದು ಅವರ ಡೆವಲಪರ್ ಒಬ್ಬರು 2024ರಲ್ಲಿ ಬಹಿರಂಗವಾಗಿ ಹೇಳಿದ್ದರು. ಫ್ಲ್ಯಾಟ್‌ಪ್ಯಾಕ್ ಸ್ಟೀಮ್ ಪರವಾಗಿಲ್ಲ, ಆದರೆ ಎರಡನೇ ಡಿಸ್ಕ್ ಅದಕ್ಕೆ ತಾನಾಗಿ ಕಾಣುವುದಿಲ್ಲ. ಫ್ಲ್ಯಾಟ್‌ಸೀಲ್ ಎಂಬ ಸಾಧನದಲ್ಲಿ ಅನುಮತಿ ಕೊಡಬೇಕು.

ಕಡೆಗೆ ಪ್ರಿಫಿಕ್ಸ್. ಹಿಂದೆ ಓಡುತ್ತಿದ್ದ ಗೇಮ್ ಈಗ ನಿಂತಿದ್ದರೆ ಅದರ ಪ್ರಿಫಿಕ್ಸ್ ಕೆಟ್ಟಿರಬಹುದು. ಸ್ಟೀಮ್‌ಆಪ್ಸ್ ಫೋಲ್ಡರಿನ ಕಂಪ್ಯಾಟ್‌ಡೇಟಾ ಒಳಗೆ ಗೇಮ್‌ನ ಸಂಖ್ಯೆಯ ಹೆಸರಿನ ಫೋಲ್ಡರ್ ಇರುತ್ತದೆ. ಸಂಖ್ಯೆ ಸ್ಟೋರ್ ಪುಟದ ವಿಳಾಸದಲ್ಲೇ ಸಿಗುತ್ತದೆ. ವಿಚರ್ 3ರದು 292030. ಅಳಿಸಬೇಡಿ, ಹೆಸರು ಬದಲಾಯಿಸಿ, ಹಿಂದೆ ಒಂದು "ಹಳೆ" ಸೇರಿಸಿದರೂ ಆಯಿತು. ಪ್ಲೇ ಒತ್ತಿದರೆ ಹೊಸದು ಹುಟ್ಟುತ್ತದೆ. ಅಳಿಸಬೇಡಿ ಎಂದಿದ್ದೇಕೆಂದರೆ, ಕ್ಲೌಡ್ ಸೇವ್ ಇಲ್ಲದ ಗೇಮ್‌ಗಳ ಸೇವ್ ಫೈಲುಗಳು ಆ ಫೋಲ್ಡರಿನೊಳಗೇ, ಸ್ಟೀಮ್‌ಯೂಸರ್ ಎಂಬುವನ ಡಾಕ್ಯುಮೆಂಟ್ಸ್‌ನಲ್ಲೋ ಆಪ್‌ಡೇಟಾದಲ್ಲೋ ಇರುತ್ತವೆ. ಎಂಬತ್ತು ಗಂಟೆ ಆಡಿದ್ದನ್ನು ನಾನೇ ನನ್ನ ಕೈಯಾರೆ ಅಳಿಸಿದ್ದೇನೆ. ಆ ಗೇಮನ್ನು ಮತ್ತೆ ತೆರೆಯುವ ಮನಸ್ಸಾಗಿಲ್ಲ.

ಗೇಮ್ ತೆರೆಯುತ್ತದೆ, ಆದರೆ ಸ್ಲೈಡ್ ಶೋ

ಮೆನುವೇ ಐದಾರು ಫ್ರೇಮ್‌ನಲ್ಲಿ ತೆವಳುತ್ತಿದ್ದರೆ ಸೆಟ್ಟಿಂಗ್ಸ್ ಕಡಿಮೆ ಮಾಡುತ್ತ ಕೂರಬೇಡಿ. ಗೇಮ್ ನಿಮ್ಮ ಗ್ರಾಫಿಕ್ಸ್ ಕಾರ್ಡನ್ನು ಮುಟ್ಟಿಯೇ ಇಲ್ಲ. ಮ್ಯಾಂಗೋಹಡ್ ಹಾಕಿಕೊಂಡು, ಲಾಂಚ್ ಆಪ್ಷನ್ಸ್‌ನಲ್ಲಿ ಮ್ಯಾಂಗೋಹಡ್ %ಕಮಾಂಡ್% ಎಂದು ಕೊಟ್ಟರೆ ಗೇಮ್‌ನ ಮೂಲೆಯಲ್ಲಿ ಫ್ರೇಮ್, ಜಿಪಿಯು ಬಳಕೆ ತೋರಿಸುತ್ತದೆ. ಕಾರ್ಡಿನ ಹೆಸರನ್ನೂ ತೋರಿಸುವಂತೆ ಮಾಡಬಹುದು. ಎಲ್‌ಎಲ್‌ವಿಎಂಪೈಪ್ ಎಂದು ಕಂಡರೆ ಚಿತ್ರವನ್ನು ಪೂರ್ತಿ ಸಿಪಿಯುವೇ ಬಿಡಿಸುತ್ತಿದೆ. ಇಂಟೆಲ್ ಎಂದು ಕಂಡು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನ್ವಿಡಿಯಾ ಇದ್ದರೆ, ದೊಡ್ಡ ಎತ್ತು ಕೊಟ್ಟಿಗೆಯಲ್ಲಿ ಮಲಗಿದೆ, ಕರು ನೊಗ ಎಳೆಯುತ್ತಿದೆ.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್ ಆದರೆ ಲಾಂಚ್ ಆಪ್ಷನ್ಸ್‌ನಲ್ಲಿ ಪ್ರೈಮ್-ರನ್ %ಕಮಾಂಡ್% ಎಂದು ಕೊಡಿ. ಎಎಂಡಿ ಜೋಡಿಯಾದರೆ ಡಿಆರ್‌ಐ_ಪ್ರೈಮ್=1 %ಕಮಾಂಡ್%. ಮಿಂಟ್, ಉಬುಂಟುವಿನಲ್ಲಿ ನ್ವಿಡಿಯಾ ಸೆಟ್ಟಿಂಗ್ಸ್ ಒಳಗೆ ಪ್ರೈಮ್ ಪ್ರೊಫೈಲ್ ಆಯ್ಕೆಯೂ ಇದೆ. ಚಾರ್ಜರ್ ಹಾಕಿದ್ದೀರಾ, ಪವರ್ ಪ್ರೊಫೈಲ್ "ಪವರ್ ಸೇವರ್"ನಲ್ಲಿ ಕುಳಿತಿದೆಯೇ, ಇದನ್ನೂ ನೋಡಿ. ಕರೆಂಟ್ ಹೋಗಿ ಬ್ಯಾಟರಿಗೆ ಇಳಿದಾಗ ಫ್ರೇಮ್ ಅರ್ಧವಾಗುವುದು ದೋಷವಲ್ಲ.

ನ್ವಿಡಿಯಾ ಕಾಣಿಸುತ್ತಲೇ ಇಲ್ಲವೇ? ಟರ್ಮಿನಲ್‌ನಲ್ಲಿ ನ್ವಿಡಿಯಾ-ಎಸ್‌ಎಂಐ ಎಂದು ಕೊಡಿ. ಪಟ್ಟಿ ಬಂದರೆ ಡ್ರೈವರ್ ಬದುಕಿದೆ. ಡ್ರೈವರ್ ಜೊತೆ ಮಾತಾಡಲಾಗಲಿಲ್ಲ ಎಂದರೆ ಮಾಡ್ಯೂಲ್ ಲೋಡ್ ಆಗಿಲ್ಲ. ಸಹಿಯಿಲ್ಲದ ತಂತ್ರಾಂಶವನ್ನು ಒಳಬಿಡದ ಸೆಕ್ಯೂರ್ ಬೂಟ್ ಇರುವ ಯಂತ್ರಗಳಲ್ಲಿ ಇದಕ್ಕೆ ಒಂದು ಹಳೆಯ ಕಾರಣವಿದೆ. ಡ್ರೈವರ್ ಹಾಕುವಾಗ ಅದು ಒಂದು ಪಾಸ್‌ವರ್ಡ್ ಕೇಳುತ್ತದೆ. ನಾವು ಏನೋ ಒಂದು ಕೊಟ್ಟು ಮರೆಯುತ್ತೇವೆ. ರೀಸ್ಟಾರ್ಟ್ ಆದ ಕೂಡಲೇ ನೀಲಿ ಪರದೆಯೊಂದು ಬಂದು ಯಾವುದಾದರೂ ಕೀ ಒತ್ತಿ ಎಂದು ಹತ್ತು ಸೆಕೆಂಡ್ ಎಣಿಸುತ್ತದೆ. ಅಷ್ಟರಲ್ಲಿ ನಾವು ಕಾಫಿ ತರಲು ಹೋಗಿರುತ್ತೇವೆ. ಎಣಿಕೆ ಮುಗಿಯುತ್ತದೆ, ಲಿನಕ್ಸ್ ಏನೂ ಆಗದ ಹಾಗೆ ತೆರೆದುಕೊಳ್ಳುತ್ತದೆ, ನ್ವಿಡಿಯಾ ಡ್ರೈವರ್ ಮಾತ್ರ ಬಾಗಿಲ ಹೊರಗೇ ಉಳಿಯುತ್ತದೆ. ಡ್ರೈವರ್ ಮತ್ತೆ ಹಾಕಿ, ಈ ಸಲ ಪರದೆಯ ಮುಂದೆಯೇ ಕುಳಿತು, "ಎನ್‌ರೋಲ್ ಎಂಒಕೆ" ಆರಿಸಿ, ಅದೇ ಪಾಸ್‌ವರ್ಡ್ ಟೈಪಿಸಿ. ಅಕ್ಷರಗಳು ಕಾಣುವುದಿಲ್ಲ, ಗಾಬರಿ ಬೇಡ. ಸೆಕ್ಯೂರ್ ಬೂಟನ್ನೇ ಆಫ್ ಮಾಡುವುದು ಸುಲಭದ ದಾರಿ. ಆದರೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಇದ್ದರೆ ಮುಂದಿನ ಬೂಟ್‌ನಲ್ಲಿ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಆ ಸ್ವಿಚ್ ಮುಟ್ಟಬೇಡಿ.

ನಿನ್ನೆಯವರೆಗೂ ಚೆನ್ನಾಗಿತ್ತು, ಅಪ್‌ಡೇಟ್ ಆದ ಮೇಲೆ ಹೀಗಾಯಿತು ಎನ್ನುವವರು ಬೂಟ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಿಂದಿನ ಕರ್ನಲ್ ಆರಿಸಿ ನೋಡಿ. ಅದರಲ್ಲಿ ಓಡಿದರೆ ಹೊಸ ಕರ್ನಲ್‌ಗೆ ಡ್ರೈವರ್ ಕಟ್ಟಿಕೊಂಡಿಲ್ಲ. ಜಿಟಿಎಕ್ಸ್ 900, 1000 ಸರಣಿಯವರಿಗೆ ವಿಶೇಷ ಸೂಚನೆ: ನ್ವಿಡಿಯಾ ಆ ಕಾರ್ಡುಗಳಿಗೆ ಕೊಡುವ ಕೊನೆಯ ಡ್ರೈವರ್ ಸಾಲು 580. ಆರ್ಚ್‌ನಂಥ ಸದಾ ಹೊಸದಾಗುವ ಡಿಸ್ಟ್ರೋಗಳಲ್ಲಿ ಅಪ್‌ಡೇಟ್ ಒತ್ತಿ 590ಕ್ಕೆ ಹೋದರೆ 1050 ಟಿಐ ಕಾರ್ಡ್ ಕೈಬಿಟ್ಟಂತೆ. 580ರ ಪ್ಯಾಕೇಜನ್ನೇ ಹಿಡಿದಿಟ್ಟುಕೊಳ್ಳಿ.

ಚೆನ್ನಾಗಿ ಓಡುತ್ತದೆ, ನಡುನಡುವೆ ಎಡವುತ್ತದೆ

ಹೊಸ ಜಾಗಕ್ಕೆ ಕಾಲಿಟ್ಟಾಗ, ಮೊದಲ ಸಲ ಬಾಂಬ್ ಸಿಡಿದಾಗ ಅರೆಕ್ಷಣ ನಿಂತು, ಎರಡನೇ ಸಲ ಅದೇ ಜಾಗದಲ್ಲಿ ಸಲೀಸಾಗಿ ಹೋದರೆ ಅದು ಶೇಡರ್ (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಮ್) ಕಟ್ಟಿಕೊಳ್ಳುವ ಸಮಯ. ಆಡುತ್ತ ಆಡುತ್ತ ತಾನೇ ಸರಿಹೋಗುತ್ತದೆ. ಸ್ಟೀಮ್‌ನ "ಪ್ರೊಸೆಸಿಂಗ್ ವಲ್ಕನ್ ಶೇಡರ್ಸ್" ಪಟ್ಟಿ ಅದಕ್ಕೇ ಇರುವುದು. ತೀರಾ ಹೊತ್ತು ಹಿಡಿದರೆ ಸ್ಕಿಪ್ ಮಾಡಬಹುದು, ಅಪಾಯವಿಲ್ಲ.

ಎಲ್ಲೆಂದರಲ್ಲಿ, ಎಷ್ಟು ಸಲ ಹೋದರೂ ಎಡವಿದರೆ ಬೇರೆ ಕತೆ. ಗೇಮ್ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿದೆಯೇ, 8 ಜಿಬಿ ರ್‍ಯಾಮ್‌ನಲ್ಲಿ ಬ್ರೌಸರ್‌ನ ಮೂವತ್ತು ಟ್ಯಾಬ್ ತೆರೆದಿವೆಯೇ ನೋಡಿ. ಆಡಿದ ಹತ್ತು ಹದಿನೈದು ನಿಮಿಷಕ್ಕೆ ಶುರುವಾದರೆ ಬಿಸಿ. ಸೆನ್ಸರ್ಸ್ ಎಂಬ ಕಮಾಂಡ್ ಕೊಟ್ಟು, ಸಿಪಿಯು 95-100 ಡಿಗ್ರಿಗೆ ಅಂಟಿಕೊಂಡು ಕುಳಿತಿದೆಯೇ ಎಂದು ನೋಡಿ. ಇದು ಲಿನಕ್ಸ್ ಸಮಸ್ಯೆಯಲ್ಲ, ಫ್ಯಾನಿನ ಧೂಳಿನ ಸಮಸ್ಯೆ. ನ್ವಿಡಿಯಾ ಕಾರ್ಡಿನಲ್ಲಿ ಡೈರೆಕ್ಟ್‌ಎಕ್ಸ್ 12 ಗೇಮ್ ವಿಂಡೋಸ್‌ಗಿಂತ ಕಡಿಮೆ ಫ್ರೇಮ್ ಕೊಡುವುದು ಗೊತ್ತಿರುವ ವಿಷಯ. ಗೇಮ್‌ನಲ್ಲಿ ಡೈರೆಕ್ಟ್‌ಎಕ್ಸ್ 11 ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ.

ಕತೆ ಹೇಳುವ ವಿಡಿಯೋ ಬದಲು ಬಣ್ಣದ ಪಟ್ಟಿಗಳು

ಹಳೆಯ ಟಿವಿಯಲ್ಲಿ ಕಾರ್ಯಕ್ರಮ ಶುರುವಾಗುವ ಮುಂಚೆ ಬರುತ್ತಿದ್ದಂಥ ಬಣ್ಣದ ಪಟ್ಟಿ ಕಂಡರೆ ಗೇಮ್ ಕೆಟ್ಟಿಲ್ಲ. ಕೆಲವು ವಿಡಿಯೋ ಕೋಡೆಕ್‌ಗಳನ್ನು ಪರವಾನಗಿಯ ಕಾರಣಕ್ಕೆ ವಾಲ್ವ್ ಹಂಚುವಂತಿಲ್ಲ, ಆ ಜಾಗದಲ್ಲಿ ಪ್ರೋಟಾನ್ ಪಟ್ಟಿ ತೋರಿಸಿ ಸುಮ್ಮನಾಗುತ್ತದೆ. ಸಮುದಾಯದವರು ಕಟ್ಟುವ ಜಿಇ-ಪ್ರೋಟಾನ್‌ನಲ್ಲಿ ಅವು ಇರುತ್ತವೆ. ಪ್ರೋಟಾನ್‌ಅಪ್-ಕ್ಯೂಟಿ ಎಂಬ ಸಣ್ಣ ಸಾಧನದಿಂದ ಹಾಕಿ, ಸ್ಟೀಮ್ ಮುಚ್ಚಿ ತೆರೆದು, ಆ ಗೇಮ್‌ಗೆ ಮಾತ್ರ ಅದನ್ನು ಆರಿಸಿ. ಎಲ್ಲ ಗೇಮ್‌ಗೂ ಹಾಕುವ ಅಗತ್ಯ ಕಾಣೆ.

ಅರ್ಧ ಆಟದಲ್ಲಿ ಗೇಮ್ ಮಾಯ

ಸಂದೇಶವಿಲ್ಲ, ಎಚ್ಚರಿಕೆಯಿಲ್ಲ, ಡೆಸ್ಕ್‌ಟಾಪ್ ಮಾತ್ರ ಎದುರಿಗೆ. ಕೂಡಲೇ ಟರ್ಮಿನಲ್‌ನಲ್ಲಿ ಜರ್ನಲ್‌ಸಿಟಿಎಲ್ -ಕೆ ಕೊಟ್ಟು ಕೊನೆಯ ಸಾಲುಗಳನ್ನು ಓದಿ. "ಔಟ್ ಆಫ್ ಮೆಮೊರಿ" ಎಂದಿದ್ದರೆ ರ್‍ಯಾಮ್ ತುಂಬಿ ಕರ್ನಲ್ ತಾನೇ ಗೇಮನ್ನು ಕೊಂದಿದೆ. ಸ್ವಾಪ್ (ರ್‍ಯಾಮ್ ತುಂಬಿದಾಗ ಬಳಸುವ ಡಿಸ್ಕ್ ಜಾಗ) ಹೆಚ್ಚಿಸಿ, ಟೆಕ್ಸ್ಚರ್ ಕಡಿಮೆ ಮಾಡಿ.

ಅಂಥದ್ದೇನೂ ಇಲ್ಲದೆ ದೊಡ್ಡ ಹೊಸ ಗೇಮ್ ಮಾತ್ರ ಬೀಳುತ್ತಿದ್ದರೆ ವಿಎಂ.ಮ್ಯಾಕ್ಸ್_ಮ್ಯಾಪ್_ಕೌಂಟ್ ಎಂಬ ಕರ್ನಲ್ ಮಿತಿ ನೋಡಿ. ಮೊದಲಿನಿಂದ ಬಂದ ಬೆಲೆ 65530. ಹಾಗ್ವಾರ್ಟ್ಸ್ ಲೆಗಸಿಯಂಥ ಗೇಮ್‌ಗಳಿಗೆ ಅದು ಸಾಲುವುದಿಲ್ಲ. ಫೆಡೋರಾ 39, ಉಬುಂಟು 24.04 ತಾವಾಗಿಯೇ 1048576ಕ್ಕೆ ಏರಿಸಿದವು. ಹಳೆಯ ಆವೃತ್ತಿಯಲ್ಲಿದ್ದರೆ ಸಿಸ್‌ಸಿಟಿಎಲ್.ಡಿ ಫೋಲ್ಡರಿನಲ್ಲಿ ಒಂದು ಸಾಲಿನ ಫೈಲ್ ಬರೆದು ನೀವೇ ಏರಿಸಿ.

ಇಡೀ ಕಂಪ್ಯೂಟರ್ ಸ್ತಬ್ಧ, ಇಲ್ಲವೇ ತಾನಾಗಿ ಆಫ್

ಪವರ್ ಬಟನ್ ಅದುಮಿ ಹಿಡಿಯುವ ಮುನ್ನ ಒಂದು ನಿಮಿಷ ಕೊಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಲಾಗಿನ್ ಪರದೆ ಬಂದರೆ ಅಲ್ಲಿಂದ ರೀಬೂಟ್ ಮಾಡಬಹುದು. ಅದೂ ಇಲ್ಲದಿದ್ದರೆ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ಒಂದೆರಡು ಸೆಕೆಂಡ್ ಬಿಟ್ಟು ಒಂದೊಂದಾಗಿ ಒತ್ತಿ. ಅನೇಕ ಡಿಸ್ಟ್ರೋಗಳಲ್ಲಿ ಇದು ಡಿಸ್ಕಿನ ಬರಹ ಮುಗಿಸಿ ರೀಸ್ಟಾರ್ಟ್ ಮಾಡುತ್ತದೆ.

ಎದ್ದ ಮೇಲೆ ಜರ್ನಲ್‌ಸಿಟಿಎಲ್ -ಕೆ -ಬಿ -1 ಕೊಟ್ಟರೆ ಹಿಂದಿನ ಸಲದ ಕೊನೆಯ ಮಾತುಗಳು ಸಿಗುತ್ತವೆ. ಎಎಂಡಿಯಲ್ಲಿ "ರಿಂಗ್ ಜಿಎಫ್ಎಕ್ಸ್ ಟೈಮ್‌ಔಟ್" ಎಂದು ಒಂದೇ ಗೇಮ್‌ನಲ್ಲಿ ಬಂದರೆ ಮೆಸಾ ಡ್ರೈವರ್ ಅಪ್‌ಡೇಟ್ ಮಾಡಿ. ನ್ವಿಡಿಯಾದಲ್ಲಿ "ಎಕ್ಸ್‌ಐಡಿ 79" ಎಂದು, ಜಿಪಿಯು ಬಸ್‌ನಿಂದ ಬಿದ್ದುಹೋಯಿತು ಎನ್ನುವ ಸಾಲು ಕಂಡರೆ ಸಾಫ್ಟ್‌ವೇರ್ ಬಿಟ್ಟು ಯಂತ್ರದ ಕಡೆ ನೋಡುವ ಹೊತ್ತು: ಬಿಸಿ, ಪವರ್ ಸಪ್ಲೈ, ಸಡಿಲವಾದ ಕಾರ್ಡ್. ಡೆಸ್ಕ್‌ಟಾಪ್ ಆದರೆ ಪ್ಲಗ್ ಕಿತ್ತು ಕಾರ್ಡನ್ನು ತೆಗೆದು ಮತ್ತೆ ಕೂರಿಸಬಹುದು. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಸುಟ್ಟ ವಾಸನೆ ಬಂದರೆ, ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿ ಮೇಜಿನ ಮೇಲೆ ಅಲ್ಲಾಡುತ್ತಿದ್ದರೆ ಆಫ್ ಮಾಡಿ, ಚಾರ್ಜರ್ ಕೀಳಿ. ಬ್ಯಾಟರಿ ಉಬ್ಬಿದೆ. ಅದನ್ನು ಒತ್ತುವುದು, ಚುಚ್ಚುವುದು ಬೇಡ. ಸರ್ವಿಸ್ ಸೆಂಟರಿಗೋ, ಬೆಂಗಳೂರಿನವರಾದರೆ ಎಸ್.ಪಿ. ರೋಡಿನ ನಂಬಿಕೆಯ ಅಂಗಡಿಗೋ ಒಯ್ಯಿರಿ. ಅಲ್ಲಿ "ಲಿನಕ್ಸ್ ಹಾಕಿದ್ದಕ್ಕೇ ಹೀಗಾಯಿತು" ಎಂದರೆ ನಕ್ಕು ಸುಮ್ಮನಿರಿ.

ಸಣ್ಣಪುಟ್ಟ ಕಿರಿಕಿರಿ

ಸದ್ದು ಕರಕರ ಎಂದರೆ ಪಲ್ಸ್_ಲೇಟೆನ್ಸಿ_ಎಂಸೆಕ್=60 %ಕಮಾಂಡ್% ಕೊಟ್ಟು ನೋಡಿ. ಒಂದು ಬಟನ್ ಒತ್ತಿದರೆ ಎರಡು ಸಲ ಒತ್ತಿದಂತಾದರೆ ಆ ಗೇಮ್‌ಗೆ ಸ್ಟೀಮ್ ಇನ್‌ಪುಟ್ ಆಫ್ ಮಾಡಿ. ಕಂಟ್ರೋಲರ್ ಕಾಣಿಸದೇ ಇದ್ದರೆ ಸ್ಟೀಮ್-ಡಿವೈಸಸ್ ಪ್ಯಾಕೇಜ್ ಇದೆಯೇ ನೋಡಿ.

ಮಾಡ್ ಹಾಕಿದ್ದು ಕೆಲಸ ಮಾಡುತ್ತಿಲ್ಲ ಎನ್ನುವವರಿಗೆ: ಮಾಡ್ ಜೊತೆ ಬಂದ ಡಿಎಲ್‌ಎಲ್ ಇರುವಾಗಲೂ ವೈನ್ ತನ್ನದನ್ನೇ ಬಳಸುತ್ತದೆ. ಆ ಫೈಲ್ ವರ್ಷನ್.ಡಿಎಲ್‌ಎಲ್ ಆದರೆ ವೈನ್‌ಡಿಎಲ್‌ಎಲ್‌ಓವರ್‌ರೈಡ್ಸ್="ವರ್ಷನ್=ಎನ್,ಬಿ" %ಕಮಾಂಡ್% ಎಂದು ಕೊಟ್ಟರೆ ಮಾಡ್‌ನದಕ್ಕೆ ಮೊದಲ ಮಣೆ.

ಸ್ಟೀಮ್ ಹೊರಗಿನ ಗೇಮ್‌ಗಳಿಗೆ, ಎಪಿಕ್ ಮತ್ತು ಜಿಒಜಿಗೆ ಹೀರೋಯಿಕ್, ಉಳಿದವಕ್ಕೆ ಲೂಟ್ರಿಸ್ ಬಳಸಿ. ಎಲ್ಲಿಂದಲೋ ಇಳಿಸಿದ ಕ್ರ್ಯಾಕ್ ಗೇಮ್‌ಗೆ ಮಾತ್ರ ಈ ಕೈಪಿಡಿ ಇಲ್ಲ. "ಲಿನಕ್ಸ್‌ಗೆ ವೈರಸ್ ತಗಲುವುದಿಲ್ಲ" ಎಂಬ ಧೈರ್ಯ ಬೇಡ. ವೈನ್‌ನ ಝಡ್ ಡ್ರೈವ್ ಎಂದರೆ ನಿಮ್ಮ ಇಡೀ ಡಿಸ್ಕ್. ನಿಮ್ಮ ಹೋಮ್ ಫೋಲ್ಡರಿನ ಫೈಲುಗಳಿಗೆ ಬೀಗ ಹಾಕುವ ವಿಂಡೋಸ್ ರ್‍ಯಾನ್ಸಮ್‌ವೇರ್ ಅಲ್ಲೂ ಓಡಬಲ್ಲದು. ಅದೇ ಕಾರಣಕ್ಕೆ ವೈನನ್ನು ಪೂರ್ಣ ಅಧಿಕಾರ ಕೊಡುವ ಸುಡೋ ಜೊತೆ ಎಂದೂ ಓಡಿಸಬೇಡಿ.

ಇಷ್ಟಾದರೂ ಬಗೆಹರಿಯದಿದ್ದರೆ

ಲಾಂಚ್ ಆಪ್ಷನ್ಸ್‌ನಲ್ಲಿ ಪ್ರೋಟಾನ್_ಲಾಗ್=1 %ಕಮಾಂಡ್% ಕೊಟ್ಟು ಒಮ್ಮೆ ಗೇಮ್ ತೆರೆಯಿರಿ. ಹೋಮ್ ಫೋಲ್ಡರಿನಲ್ಲಿ ಸ್ಟೀಮ್-292030.ಲಾಗ್ ಎಂಬಂಥ ಫೈಲ್ ಹುಟ್ಟುತ್ತದೆ. ಅದರಲ್ಲಿ ಸಾವಿರಾರು ಸಾಲು "ಫಿಕ್ಸ್‌ಮಿ" ಎಂದಿರುತ್ತವೆ, ಅವಕ್ಕೆ ಹೆದರಬೇಡಿ, ಚೆನ್ನಾಗಿ ಓಡುವ ಗೇಮ್‌ನಲ್ಲೂ ಇರುತ್ತವೆ. ಕೊನೆಯಿಂದ ಮೇಲಕ್ಕೆ ಓದುತ್ತ "ಎರರ್" ಸಾಲುಗಳನ್ನು ನೋಡಿ. ಯಾವುದೋ ಡಿಎಲ್‌ಎಲ್ ಸಿಗಲಿಲ್ಲ ಎಂದಿದ್ದರೆ ಪ್ರೋಟಾನ್‌ಟ್ರಿಕ್ಸ್‌ನಿಂದ ಆ ಗೇಮ್‌ನ ಪ್ರಿಫಿಕ್ಸ್‌ಗೆ ವಿಷುವಲ್ ಸಿ++ ರನ್‌ಟೈಮ್ ಹಾಕಬಹುದು. "ವಿಕೆ_ಎರರ್" ಎಂದು ಶುರುವಾದರೆ ಮತ್ತೆ ಡ್ರೈವರ್ ಕಡೆಗೇ ಹೋಗಬೇಕು.

ಬೇರೆಯವರ ಸಹಾಯ ಕೇಳುವಾಗ "ಗೇಮ್ ಓಡ್ತಿಲ್ಲ, ಹೆಲ್ಪ್ ಮಾಡಿ" ಎಂದಷ್ಟೇ ಬರೆದರೆ ಯಾರೂ ಉತ್ತರಿಸುವುದಿಲ್ಲ. ಡಿಸ್ಟ್ರೋ ಮತ್ತು ಅದರ ಆವೃತ್ತಿ, ಕರ್ನಲ್, ಕಾರ್ಡ್, ಡ್ರೈವರ್ ಆವೃತ್ತಿ, ಪ್ರೋಟಾನ್ ಆವೃತ್ತಿ, ಗೇಮ್ ಇರುವ ಡಿಸ್ಕಿನ ಬಗೆ, ಈ ಲಾಗ್, ಮತ್ತು ಮೊದಲು ಹೇಳಿದ ಆ ಚೀಟಿ ಕೊಡಿ. ಹೆಚ್ಚಿನದ್ದೆಲ್ಲ ಸ್ಟೀಮ್‌ನ ಹೆಲ್ಪ್ ಮೆನುವಿನ ಸಿಸ್ಟಮ್ ಇನ್‌ಫರ್ಮೇಷನ್‌ನಲ್ಲಿ ಒಂದೇ ಕಡೆ ಸಿಗುತ್ತದೆ. ಲಾಗ್‌ನಲ್ಲಿ ನಿಮ್ಮ ಯೂಸರ್ ಹೆಸರು, ಫೋಲ್ಡರುಗಳ ಹೆಸರು ಕಾಣುತ್ತವೆ. ಸಾರ್ವಜನಿಕವಾಗಿ ಹಾಕುವ ಮುನ್ನ ಒಮ್ಮೆ ಕಣ್ಣಾಡಿಸಿ.

ಅಕ್ಕನ ಮಗನ 300 ಜಿಬಿ ಎಕ್ಸ್‌ಟಿ4ಗೆ ಸಾಗಲು ಒಂದು ಮಧ್ಯಾಹ್ನ ಹಿಡಿಯಿತು. ಪ್ರೋಟಾನ್ ಅವನು ಮೊದಲ ದಿನ ಹಾಕಿಕೊಂಡದ್ದೇ ಇದೆ.